ಕೇಳುವ ಕೆಲಸ

ಶಿರಸಿಯ ನಮ್ಮ ಸಣ್ಣ ಸಂಗೀತ ಸಭೆಗೆ ದೇಣಿಗೆ ಕೂಡಿಸುವ ಹೊಣೆ ನನಗೆ ಬಂದು ಆರು ವರ್ಷಗಳಾದವು. ವರ್ಷಕ್ಕೊಂದು ಅಹೋರಾತ್ರಿ ಹಿಂದುಸ್ತಾನಿ ಸಂಗೀತ, ನಡುವೆ ಮೂರು ನಾಲ್ಕು ಸಂಜೆ ಬೈಠಕ್, ಮಕ್ಕಳಿಗೆ ವಾರಕ್ಕೆರಡು ದಿನ ಗಾಯನ ಮತ್ತು ತಬಲಾ ಪಾಠ, ಇಷ್ಟೇ ನಮ್ಮ ಕೆಲಸ. ಆದರೆ ಕಲಾವಿದರ ಸಂಭಾವನೆ, ಅವರ ಪ್ರಯಾಣ ಮತ್ತು ವಸತಿ, ಧ್ವನಿವರ್ಧಕ, ನಡುರಾತ್ರಿಯ ಚಹಾ, ಬೆಳಗಿನ ತಿಂಡಿ ಎಲ್ಲವನ್ನೂ ಕೂಡಿಸಿದಾಗ ಬರುವ ಮೊತ್ತವನ್ನು ನೋಡಿ ನಾನು ಮೊದಲ ವರ್ಷ ರಾತ್ರಿ ನಿದ್ದೆಗೆಟ್ಟಿದ್ದೆ.

ನನ್ನ ತಂಗಿಯ ಮಗಳು, ವರಸೆಯಲ್ಲಿ ನನಗೆ ಸೊಸೆ, ಅಮೆರಿಕದ ಒಂದು ಸಿಂಫನಿ ಆರ್ಕೆಸ್ಟ್ರಾದಲ್ಲಿ ಇದೇ ಕೆಲಸದ ಮುಂದಾಳು. ಸುಮಾರು ನೂರು ವಾದಕರು ಒಟ್ಟಿಗೆ ಕುಳಿತು ನುಡಿಸುವುದನ್ನು ನಾನು ಒಮ್ಮೆ ಮುಂಬೈಯಲ್ಲಿ, 2006ರಲ್ಲಿ ಎನ್‌ಸಿಪಿಎ ಎಂಬ ಕಲಾ ಸಂಸ್ಥೆ ಕಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಾರ್ಯಕ್ರಮದಲ್ಲಿ ಕಂಡಿದ್ದೇನೆ. ಅಷ್ಟೊಂದು ಜನರಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕಾದ ಸಂಸ್ಥೆಗೆ ಟಿಕೆಟಿನ ಹಣ ಸಾಲುವುದೇ ಎಂದು ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ಅವಳನ್ನು ಜಗಲಿಯಲ್ಲಿ ಕುಳಿತು ಕೇಳಿದೆ. ಸಭಾಂಗಣ ತುಂಬಿದ ದಿನವೂ ಸಾಲುವುದಿಲ್ಲ ಎಂದಳು. ಬೌಮಲ್ ಮತ್ತು ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲೇ ಇದರ ಕಾರಣವನ್ನು ವಿವರಿಸಿದ್ದಾರಂತೆ. ಕಾರ್ಖಾನೆಯಲ್ಲಿ ಯಂತ್ರ ಬಂದರೆ ಅದೇ ಕೆಲಸ ಕಡಿಮೆ ಜನರಿಂದ, ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಬೀಥೋವನ್ ಇನ್ನೂರು ವರ್ಷಗಳ ಹಿಂದೆ ನಾಲ್ವರಿಗೆಂದು ಬರೆದ ಕೃತಿಗೆ ಇಂದಿಗೂ ನಾಲ್ವರೇ ಬೇಕು, ಅಷ್ಟೇ ಹೊತ್ತೂ ಬೇಕು. ಆದರೆ ಆ ನಾಲ್ವರ ಮನೆಯ ಖರ್ಚು ಮಾತ್ರ ಇಂದಿನ ಪೇಟೆಯ ದರಕ್ಕೆ ತಕ್ಕಂತೆ ಏರುತ್ತಲೇ ಇರುತ್ತದೆ. ನಮ್ಮಲ್ಲೂ ಹಾಗೆಯೇ, ನಿಧಾನ ಲಯದ ವಿಲಂಬಿತ ಏಕತಾಲದಲ್ಲಿ ಒಂದು ರಾಗ ಬಿಚ್ಚಿಕೊಳ್ಳಲು ಮುಕ್ಕಾಲು ಗಂಟೆ ಬೇಕಾದರೆ ಬೇಕೇ ಬೇಕು. ಖರ್ಚು ಕಡಿಮೆ ಮಾಡಲೆಂದು ತಾನಪುರ ಅಥವಾ ಹಾರ್ಮೋನಿಯಂ ಸಾಥ್ ಕೈಬಿಡುವ ಯೋಚನೆಯನ್ನು ನಮ್ಮ ಸಮಿತಿಯಲ್ಲಿ ಯಾರಾದರೂ ಮುಂದಿಟ್ಟಾಗಲೆಲ್ಲ ನಾನು ಈಗ ಇದೇ ಮಾತನ್ನು ಹೇಳುತ್ತೇನೆ.

ಕೊರತೆ ತುಂಬುವ ಒಬ್ಬ ದೊಡ್ಡ ದಾನಿ ಸಿಕ್ಕಿದರೆ ಸಾಕು ಎಂದು ನಾನು ಬಹಳ ಕಾಲ ನಂಬಿದ್ದೆ. ಅಂಥವರು ಇದ್ದದ್ದೂ ಹೌದು. 1881ರಲ್ಲಿ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾವನ್ನು ಕಟ್ಟಿದ ಹೆನ್ರಿ ಲೀ ಹಿಗಿನ್ಸನ್ ಎಂಬ ಬ್ಯಾಂಕ್ ಉದ್ಯಮಿ 1918ರವರೆಗೂ ವರ್ಷವರ್ಷದ ನಷ್ಟವನ್ನು ಸ್ವಂತ ಕೈಯಿಂದ ತುಂಬಿದರು. ಆದರೆ ಅಂಥವರೊಬ್ಬರು ಹಿಂದೆ ಸರಿದಾಗ ಆಗುವ ಬರಿದನ್ನು ನೂರಾರು ಸಣ್ಣ ಕೈಗಳು ತುಂಬಬೇಕು, ಆ ಕೈಗಳನ್ನು ಮೊದಲೇ ಜೋಡಿಸಿಟ್ಟಿರಬೇಕು. ಜಗತ್ತಿನ ಹೆಸರಾಂತ ಆರ್ಕೆಸ್ಟ್ರಾಗಳಲ್ಲಿ ಒಂದಾದ ಫಿಲಡೆಲ್ಫಿಯಾ ಆರ್ಕೆಸ್ಟ್ರಾ 2011ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಗಬೇಕಾಯಿತೆಂದು ಕೇಳಿದಾಗ, ಕೀರ್ತಿಯೊಂದೇ ಸಂಸ್ಥೆಯನ್ನು ಉಳಿಸುವುದಿಲ್ಲವೆಂಬುದು ನನಗೆ ಮನದಟ್ಟಾಯಿತು.

ಅಲ್ಲಿಯ ಆರ್ಕೆಸ್ಟ್ರಾಗಳ ಬೆನ್ನೆಲುಬು ಮೂಲನಿಧಿ. ಅಸಲನ್ನು ಮುಟ್ಟದೆ ಅದರ ಗಳಿಕೆಯಲ್ಲಿ ಒಂದು ಪಾಲನ್ನು ಮಾತ್ರ ವರ್ಷಕ್ಕೆ ಬಳಸುತ್ತಾರೆ. ಮೊದಲ ಪಿಟೀಲುವಾದಕರ ಕುರ್ಚಿಗೆ ದಾನಿಯ ಹೆಸರಿಟ್ಟು, ಆ ನಿಧಿಯಿಂದಲೇ ಅವರ ಸಂಬಳಕ್ಕೆ ಆಧಾರ ಒದಗಿಸುವುದೂ ಉಂಟು. ಇದನ್ನು ಸೊಸೆ ಬಿಡಿಸಿ ಹೇಳುತ್ತಿದ್ದಾಗ ನನಗೆ ನಮ್ಮ ದೇವಸ್ಥಾನದ ಶಾಶ್ವತ ಪೂಜೆಯ ಫಲಕ ಕಣ್ಣಿಗೆ ಕಟ್ಟಿತು. ಅಪ್ಪನ ಹೆಸರಿನಲ್ಲಿ ಒಂದು ಮೊತ್ತ ಇಟ್ಟು, ಅದರ ಬಡ್ಡಿಯಲ್ಲಿ ಪ್ರತಿವರ್ಷ ಅದೇ ತಿಥಿಗೆ ಪೂಜೆ ನಡೆಸುವ ಏರ್ಪಾಡು ನಮ್ಮ ಪ್ರತಿ ಮನೆಗೂ ಗೊತ್ತು. ಅಂದಿನಿಂದ ನಾನು ಮೂಲನಿಧಿ ಎಂಬ ಮಾತನ್ನೇ ಬಿಟ್ಟು, ಸಂಗೀತಕ್ಕೊಂದು ಶಾಶ್ವತ ಸೇವೆ ಎಂದು ಹೇಳತೊಡಗಿದೆ. ಅರ್ಧ ಗಂಟೆ ವಿವರಿಸಿದರೂ ತಲೆದೂಗದವರು ಆ ಒಂದು ಮಾತಿಗೆ ಪುಸ್ತಕ ತರಿಸಿ ಹೆಸರು ಬರೆಸಿದ್ದಾರೆ.

ಎಲ್ಲವೂ ಹೀಗೆ ಹೊಂದುವುದಿಲ್ಲ. ಅಮೆರಿಕದ ದಾನಿಗೆ ತೆರಿಗೆಯ ರಿಯಾಯಿತಿ ಒಂದು ದೊಡ್ಡ ಪ್ರೇರಣೆ. ನಮ್ಮ ತೋಟಿಗರ ಆದಾಯ ಕೃಷಿಯದಾದ್ದರಿಂದ ಅದಕ್ಕೆ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಆ ರಿಯಾಯಿತಿಗೆಂದು ಇಲ್ಲಿ ಕೊಡುವ 80ಜಿ ರಸೀದಿ ಅವರಿಗೆ ಬರಿಯ ಕಾಗದ. ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ಕಳೆದ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಮೀಸಲಿಡಬೇಕೆಂಬ ಕಾನೂನು 2013ರಲ್ಲಿ ಬಂತು, ಅದರ ಪಟ್ಟಿಯಲ್ಲಿ ಕಲೆ ಸಂಸ್ಕೃತಿಯೂ ಇದೆ. ಆದರೆ ತಮ್ಮ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಅದೇ ಕಾನೂನು ಹೇಳುವುದರಿಂದ ಆ ಹಣ ಘಟ್ಟದ ಮೇಲಿನ ನಮ್ಮ ಊರಿನವರೆಗೆ ಬರುವುದು ಕಷ್ಟ. ಇಲ್ಲಿ ಹಣದ ಪಂಚಾಂಗವನ್ನು ಬರೆಯುವುದು ಅಡಿಕೆ. ಮಳೆ ಜೋರಾಗಿ ಕೊಳೆರೋಗ ಬಿದ್ದ ವರ್ಷ ನಾನು ರಸೀದಿ ಪುಸ್ತಕವನ್ನು ಹೊರಗೆ ತೆಗೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದಾಗ ಪ್ರತಿ ಮನೆಯಲ್ಲೂ ನೆಂಟರಿರುತ್ತಾರೆ, ಆಗಲೂ ಹೋಗುವುದಿಲ್ಲ. ಸುಗ್ಗಿ ಮುಗಿದು, ಅಡಿಕೆ ಸೊಸೈಟಿಗೆ ಹೋಗಿ, ಟೆಂಡರಿನಲ್ಲಿ ದರ ಸಿಕ್ಕಿದ ಮೇಲೆ ಹೊರಡುತ್ತೇನೆ.

ಸೊಸೆ ನನ್ನ ದೇಣಿಗೆಯ ವಹಿಯನ್ನು ತಿರುವಿಹಾಕಿ ಕೇಳಿದ್ದು ಒಂದೇ ಪ್ರಶ್ನೆ: “ಮಾವ, ದುಡ್ಡು ಕೊಟ್ಟವಕ್ಕೆ ನೀನು ಮತ್ತೆ ಯಾವಾಗ ಫೋನ್ ಮಾಡ್ತೆ?”

ಮುಂದಿನ ವರ್ಷ ದೇಣಿಗೆ ಕೇಳುವಾಗ ಎಂದೆ.

“ಅದೇ ತಪ್ಪು, ಮಾವ.”

ತಾನು ಒಬ್ಬರ ಹತ್ತಿರ ದೊಡ್ಡ ಮೊತ್ತ ಕೇಳುವ ಮೊದಲು ವರ್ಷಗಟ್ಟಲೆ ಅವರ ಮಾತನ್ನು ಕೇಳಿರುತ್ತೇನೆ ಎಂದಳು. ಕನ್ನಡದಲ್ಲಿ ಹಣ ಕೇಳುವುದೂ ಸಂಗೀತ ಕೇಳುವುದೂ ಒಂದೇ ಶಬ್ದವೆಂಬುದು ನನಗೆ ಆಗಲೇ ಹೊಳೆದದ್ದು, ಮತ್ತು ಆರು ವರ್ಷ ನಾನು ಅದರ ಒಂದೇ ಅರ್ಥವನ್ನು ಹಿಡಿದು ಓಡಾಡಿದ್ದೆ ಎಂಬುದೂ ಹೊಳೆಯಿತು.

ಸಿದ್ದಾಪುರದ ದಾರಿಯಲ್ಲಿ ಒಬ್ಬ ಹಿರಿಯರ ಮನೆಯಿದೆ. ಪ್ರತಿವರ್ಷ ಅವರು ಐನೂರು ರೂಪಾಯಿ ಕೊಡುತ್ತಿದ್ದರು, ನಾನು ರಸೀದಿ ಹರಿದು ಕೊಟ್ಟು ಎದ್ದು ಬರುತ್ತಿದ್ದೆ. ಈ ಸಲ ಪುಸ್ತಕವನ್ನು ಚೀಲದಲ್ಲೇ ಬಿಟ್ಟು, ತಮಗೆ ಸಂಗೀತದ ಹುಚ್ಚು ಹಿಡಿದದ್ದು ಹೇಗೆಂದು ಕೇಳಿ ಸುಮ್ಮನೆ ಕುಳಿತೆ. ಹಿಂದೆ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರ ನಡುವೆ ಒಂದು ರೇಡಿಯೋ ಇರುತ್ತಿತ್ತಂತೆ, ಅದರಲ್ಲಿ ಧಾರವಾಡ ಆಕಾಶವಾಣಿ. ಮಲ್ಲಿಕಾರ್ಜುನ ಮನ್ಸೂರರ ದನಿ ಬಂದರೆ ಈ ಹಿರಿಯರ ಹೆಂಡತಿ ಕೈ ನಿಲ್ಲಿಸಿಬಿಡುತ್ತಿದ್ದರಂತೆ. ಉಳಿದವರ ಮುಂದೆ ಸುಲಿದ ಅಡಿಕೆಯ ರಾಶಿ ಬೆಳೆಯುತ್ತಿದ್ದರೂ ಆಕೆಯ ಬುಟ್ಟಿ ಹಾಗೇ ಇರುತ್ತಿತ್ತಂತೆ. ಹಾಡಿಗಿಂತ ಹಿಂದಿನ ತಂಬೂರಿಯೇ ತನಗೆ ಇಷ್ಟವೆಂದು ಆಕೆ ಹೇಳುತ್ತಿದ್ದರಂತೆ. ಆಕೆ ತೀರಿಕೊಂಡು ನಾಲ್ಕು ವರ್ಷ.

ನಮ್ಮ ಸಭೆಯ ಮಿರಜಿನ ತಂಬೂರಿಯ ಬುರುಡೆ ಬಿರುಕು ಬಿಟ್ಟು ಒಂದು ಮೂಲೆ ಸೇರಿದೆ ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಅವರು ಒಳಗೆ ಹೋಗಿ, ಸೊಸೈಟಿಯ ಪಾಸ್‌ಬುಕ್ಕಿನ ನಡುವೆ ಇಟ್ಟಿದ್ದ ನೋಟುಗಳನ್ನು ತಂದು ಎಣಿಸದೆ ಕೈಗಿಟ್ಟರು. ರಸೀದಿಯನ್ನು ಆಕೆಯ ಹೆಸರಿಗೆ ಬರೆಯಲು ಹೇಳಿ, ಅಕ್ಷರ ತಪ್ಪಬಾರದೆಂದು ಪಕ್ಕದಲ್ಲೇ ನಿಂತು ನೋಡಿದರು.

ತಂಬೂರಿ ಮಿರಜಿನಿಂದ ಮರಳಿ ಬಂದ ಮೇಲೆ ಏನನ್ನೂ ಬೇಡಲಿಕ್ಕಲ್ಲದೆ ಅವರಿಗೆ ಫೋನ್ ಮಾಡಿದೆ. ಈಗ ಶ್ರುತಿಗೆ ನಿಲ್ಲುತ್ತದೆಯೇ ಎಂದು ವಿಚಾರಿಸಿದರು. ನಾನು ಮಾತಾಡದೆ ಫೋನನ್ನು ಸ್ಪೀಕರಿಗೆ ಹಾಕಿ ಚಾಪೆಯ ಮೇಲಿಟ್ಟು, ನಾಲ್ಕು ತಂತಿಗಳನ್ನೂ ಒಂದೊಂದಾಗಿ ಮೀಟಿದೆ. ಆ ತುದಿಯಿಂದ ಬಹಳ ಹೊತ್ತು ಮಾತು ಬರಲಿಲ್ಲ, ನಾನೂ ಮೀಟುವುದನ್ನು ನಿಲ್ಲಿಸಲಿಲ್ಲ.