ಬರೆದರೆ ಜಾರಿದ ಗುಡ್ಡ ಮೇಲೇಳುತ್ತದೆಯೇ?

ನಾನು ನನ್ನ ಬದುಕಿನ ಕಥೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆಂದು ಗೊತ್ತಾದ ಮೇಲೆ ಮದುವೆಮನೆಯಲ್ಲಿ, ಬ್ಯಾಂಕಿನಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಎಲ್ಲರೂ ಇದನ್ನೇ ಕೇಳುತ್ತಾರೆ. ಇಲ್ಲ, ಏಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಕುಸಿದಾಗ ನಮ್ಮ ತೋಟದ ಮೇಲಿನ ಇಳಿಜಾರು ಕಾಫಿ ಗಿಡ, ಮೆಣಸಿನ ಬಳ್ಳಿ, ನೆರಳಿನ ಮರಗಳ ಸಮೇತ ಹೊಳೆ ಸೇರಿತು. ನೋಟ್‌ಬುಕ್ಕು ಅದನ್ನು ಹಿಂದಕ್ಕೆ ಕೊಡುತ್ತದೆಂದು ನಾನು ಯಾರಿಗೂ ಹೇಳಿಲ್ಲ. ಆಡದ ಮಾತಿಗೆ ಸಮರ್ಥನೆ ಕೊಟ್ಟು ಸಾಕಾಗಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನೆಬೇಕರ್ ಸಹೋದ್ಯೋಗಿಯೊಡನೆ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಲಕಿದ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಘಟನೆಯನ್ನೂ ಅದರ ನೋವನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಹೀಗೆ ಬರೆಯತೊಡಗಿದಾಗ ನನಗೂ ಮೊದಲೆರಡು ರಾತ್ರಿ ನಿದ್ದೆ ಬರಲಿಲ್ಲ. ಆದ್ದರಿಂದ "ಬರೆದರೆ ಹಗುರಾಗುತ್ತದಲ್ಲ?" ಎಂದು ನಗುತ್ತಾ ಕೇಳುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ನನಗೆ ಹೆಚ್ಚು ಒದಗಿದ್ದು ಡ್ಯಾನ್ ಮ್ಯಾಕ್‌ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಪ್ರಶ್ನೆಗಳು. ಬದುಕನ್ನು ಅಧ್ಯಾಯಗಳಾಗಿ ವಿಂಗಡಿಸಿ ಹೆಸರಿಡಬೇಕು. ಆಮೇಲೆ ಅತ್ಯಂತ ಸಂತೋಷದ, ಅತ್ಯಂತ ಕಷ್ಟದ, ತಿರುವಿನ ಗಳಿಗೆಗಳನ್ನು ಒಂದೊಂದಾಗಿ ಎತ್ತಿಕೊಂಡು ಎಲ್ಲಿ, ಯಾವಾಗ, ಜೊತೆಗೆ ಯಾರಿದ್ದರು ಎಂದು ಬಿಡಿಸಿ ಹೇಳಬೇಕು. "ಅಂದಿಗೆ ಎಲ್ಲವೂ ಮುಗಿಯಿತು, ನಾನು ಒಂಟಿಯಾಗಿ ನಿಂತಿದ್ದೆ" ಎಂದೇ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದ ನಾನು "ಯಾರಿದ್ದರು?" ಎಂಬಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಕೊಟ್ಟಿಗೆಯ ಬಾಗಿಲಲ್ಲಿ, ತಲೆಗೆ ಗೊಬ್ಬರದ ಚೀಲವನ್ನು ಮಡಚಿ ಹೊದ್ದು, ನಮ್ಮ ಹಸುಗಳನ್ನು ಹೊರಗೆ ಅಟ್ಟುತ್ತಿದ್ದ, ತೋಟದ ಕೆಲಸಗಾರರ ಲೈನ್‌ಮನೆಯ ಅಕ್ಕ ಕಣ್ಣೆದುರು ಬಂದರು. ಅವರ ಮನೆಯೂ ಅದೇ ದಿನ ಹೋಗಿತ್ತು. ನನ್ನ ಕಥೆಯಲ್ಲಿ ಅವರು ಎಲ್ಲಿಯೂ ಇರಲಿಲ್ಲ.

ಗುಡ್ಡದ ವಿಷಯ ಬಿಟ್ಟು, "ನಿಮ್ಮ ಕಥೆಯಲ್ಲಿ ಯಾರನ್ನು ಬಿಟ್ಟುಬಿಟ್ಟಿದ್ದಿರಿ?" ಎಂದು ಯಾರಾದರೂ ಕೇಳಲಿ, ಬೇಸರವಿಲ್ಲದೆ ಕುಳಿತು ಮಾತನಾಡುತ್ತೇನೆ. ಕಷ್ಟದಿಂದ ಒಳ್ಳೆಯದೇ ಆಯಿತೆಂದು ಬರೆದುಕೊಳ್ಳಬೇಕೆಂಬ ಒತ್ತಾಯವನ್ನು ನಾನು ಒಪ್ಪುವುದಿಲ್ಲ. ಒಳ್ಳೆಯದೇನೂ ಆಗಲಿಲ್ಲ. ಆದರೆ ಆ ದಿನದಲ್ಲಿ ನಾನು ಒಬ್ಬನೇ ಇದ್ದೆನೆಂಬುದು ಸುಳ್ಳು, ಆ ಸುಳ್ಳನ್ನು ನಂಬಿ ನಾನು ಜನರಿಂದ ದೂರ ಉಳಿದಿದ್ದೆ.

ಕಾಫಿ ಕೊಯ್ಲು ಮುಗಿದ ಮೇಲೆ ಸುಂಟಿಕೊಪ್ಪದ ಕಡೆ ಇರುವ ಆ ಅಕ್ಕನ ಮಗಳ ಮನೆಗೆ ಹೋಗಿ ಆ ಬೆಳಗಿನ ಬಗ್ಗೆ ಅಕ್ಕನನ್ನೇ ಕೇಳಿದೆ. "ಹಗ್ಗದ ಗಂಟು ನೆನೆದು ಬಿಗಿದಿತ್ತು ಅಣ್ಣ, ಬಿಚ್ಚಲಿಕ್ಕೆ ಆಗಲಿಲ್ಲ, ಕತ್ತಿಯಲ್ಲಿ ಕೊಯ್ದೆ" ಎಂದರು. ಅದನ್ನು ಅವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಆ ಅಧ್ಯಾಯಕ್ಕೆ ಮೊದಲು ಇಟ್ಟಿದ್ದ ಹೆಸರನ್ನು ಹೊಡೆದುಹಾಕಿದ್ದೇನೆ, ಹೊಸ ಹೆಸರು ಇನ್ನೂ ಸಿಕ್ಕಿಲ್ಲ.