ನಂಬರ್ ನೋಡುವ ಮೊದಲು ಫಾರ್ಮ್ ನೋಡಿ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಮಷೀನ್ ತೋರಿಸುವುದಿಲ್ಲ, ಫಾರ್ಮ್ ತೋರಿಸುತ್ತೇನೆ. ಮೈಸೂರಿನಲ್ಲಿ ಹಸುಗೂಸುಗಳ ಸ್ಕ್ರೀನಿಂಗ್ ಮಾಡುವ ಲ್ಯಾಬ್ ನಮ್ಮದು. ಮಂಡ್ಯ, ಮದ್ದೂರು, ಪಾಂಡವಪುರ, ನಂಜನಗೂಡು ಕಡೆಯಿಂದ ಫಿಲ್ಟರ್ ಕಾಗದದ ಕಾರ್ಡುಗಳು ಬರುತ್ತವೆ, ಜೊತೆಗೆ ಮಗುವಿನ ವಿವರ ಬರೆದ ಫಾರ್ಮ್. ಮಗುವಿನ ಹಿಮ್ಮಡಿ ಚುಚ್ಚಿ ತೆಗೆದ ರಕ್ತದ ಚುಕ್ಕೆಗಳು ಕಾರ್ಡಿನಲ್ಲಿ ಒಣಗಿರುತ್ತವೆ. ಅವುಗಳಲ್ಲಿ ನಾವು ಅಳೆಯುವ ಹಾರ್ಮೋನುಗಳಲ್ಲಿ ಒಂದು 17-ಹೈಡ್ರಾಕ್ಸಿಪ್ರೊಜೆಸ್ಟರಾನ್. ಲ್ಯಾಬಿನ ಬಾಯಲ್ಲಿ 17-ಓಎಚ್‌ಪಿ.

ಅದು ಜಾಸ್ತಿ ಬಂದರೆ ಸಿಎಎಚ್ (ಕಂಜೆನಿಟಲ್ ಅಡ್ರಿನಲ್ ಹೈಪರ್ಪ್ಲೇಸಿಯಾ) ಅನ್ನುವ ಹುಟ್ಟಿನಿಂದ ಬರುವ ಕಾಯಿಲೆಯ ಅನುಮಾನ. ಹೆಚ್ಚಿನ ಕೇಸುಗಳಲ್ಲಿ 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಕೆಲಸ ಮಾಡುವುದಿಲ್ಲ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಸಾಕಷ್ಟು ಕಾರ್ಟಿಸೋಲ್ ಹಾರ್ಮೋನು ತಯಾರಿಸಲು ಆಗುವುದಿಲ್ಲ, ಅರ್ಧದಲ್ಲಿ ನಿಂತ 17-ಓಎಚ್‌ಪಿ ರಕ್ತದಲ್ಲಿ ಗುಡ್ಡೆ ಬೀಳುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಈ ಕಾಯಿಲೆ. ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ಮದುವೆ ಮಾಡುವುದು ನಮ್ಮ ಕಡೆ ಇನ್ನೂ ಇದೆ ಅಲ್ವಾ, ಹಾಗಾಗಿ ಈ ಟೆಸ್ಟ್ ನಮಗೆ ಬೇಕೇ ಬೇಕು.

ತೊಂದರೆ ಏನೆಂದರೆ, ಆರೋಗ್ಯವಾಗಿರುವ ಮಗುವಿಗೂ ಈ ನಂಬರ್ ಜಾಸ್ತಿ ಬರುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಹೊಟ್ಟೆಯೊಳಗಿನ ಮಗುವಿನ ಅಡ್ರಿನಲ್ ಹೇಗಿರುತ್ತದೆ ಅಂತ ಗೊತ್ತಿರಬೇಕು. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು.

ಹುಟ್ಟುವಾಗ ಮಗುವಿನ ಎರಡೂ ಅಡ್ರಿನಲ್ ಸೇರಿ ಸುಮಾರು 8 ಗ್ರಾಂ ತೂಗುತ್ತವೆ. ದೊಡ್ಡವರದೂ ಹೆಚ್ಚು ಕಡಿಮೆ ಅಷ್ಟೇ! ಮೂರು ಕಿಲೋ ಮಗುವಿನ ಮೈಯಲ್ಲಿ ದೊಡ್ಡವರ ಗಾತ್ರದ ಗ್ರಂಥಿ. ಅದರ ಹೊರಪದರದ ಶೇ 80ಕ್ಕೂ ಹೆಚ್ಚು ಭಾಗ ಫೀಟಲ್ ಜೋನ್. ಗರ್ಭದಲ್ಲಿ ಮಾತ್ರ ಅದಕ್ಕೆ ಕೆಲಸ, ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಕರಗಿ ಹೋಗುತ್ತದೆ. ಅಲ್ಲಿ 3-ಬೀಟಾ-ಎಚ್‌ಎಸ್‌ಡಿ ಎಂಬ ಕಿಣ್ವ ತೀರಾ ಕಡಿಮೆ. ಹಾಗಾಗಿ ಅದು ಡಿಎಚ್‌ಇಎ ಸಲ್ಫೇಟ್ ಎಂಬ ಕಚ್ಚಾ ಹಾರ್ಮೋನು ತಯಾರಿಸಿ ಕಳಿಸುತ್ತದೆ, ಮಾಸು ಅದನ್ನು ಈಸ್ಟ್ರೋಜೆನ್ ಮಾಡುತ್ತದೆ. ಮಂಡ್ಯದವರಿಗೆ ಒಂದೇ ಮಾತಲ್ಲಿ ಹೇಳಬಹುದು: ಕಬ್ಬು ಒಬ್ಬರ ಗದ್ದೆಯದು, ಬೆಲ್ಲ ಇನ್ನೊಬ್ಬರ ಆಲೆಮನೆಯದು.

ಇನ್ನೊಂದು ಸಂಗತಿ ನನಗೆ ಈಗಲೂ ಅಚ್ಚರಿ. ಗರ್ಭದ 8ನೇ ವಾರದ ಹೊತ್ತಿಗೇ ಈ ಗ್ರಂಥಿ ಸ್ವಲ್ಪ ಕಾಲ ಕಾರ್ಟಿಸೋಲ್ ತಯಾರಿಸುತ್ತದೆ. ಹೊರ ಜನನಾಂಗ ರೂಪ ಪಡೆಯಲು ಶುರುವಾಗುವುದೂ ಅದೇ ಸುಮಾರಿಗೆ. ಅಡ್ರಿನಲ್ ಅನ್ನು ದುಡಿಸುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಆ ಕಾರ್ಟಿಸೋಲ್ ಅದನ್ನು ಸುಮ್ಮನಿರಿಸುತ್ತದೆ, ಹಾಗಾಗಿ ಅಡ್ರಿನಲ್ ತಯಾರಿಸುವ ಗಂಡು ಹಾರ್ಮೋನು ಮಿತಿ ಮೀರುವುದಿಲ್ಲ. ಸಿಎಎಚ್ ಇದ್ದರೆ ಈ ತಡೆ ಇಲ್ಲ. ಹೆಣ್ಣು ಮಗುವಾದರೆ ಜನನಾಂಗದಲ್ಲೇ ವ್ಯತ್ಯಾಸ ಕಾಣುತ್ತದೆ, ಡಾಕ್ಟರ್‌ಗೆ ಅನುಮಾನ ಬರುತ್ತದೆ. ಗಂಡು ಮಗು ನೋಡಲು ಚೆನ್ನಾಗಿಯೇ ಇರುತ್ತದೆ. ಮನೆಗೆ ಕಳಿಸುತ್ತಾರೆ. ಎರಡು ಮೂರನೇ ವಾರದಲ್ಲಿ ವಾಂತಿ ಶುರು, ಹಾಲು ಕುಡಿಯುವುದಿಲ್ಲ, ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ. ಮನೆಯವರು ದೃಷ್ಟಿ ಆಗಿದೆ ಅಂತ ನಿವಾಳಿಸುತ್ತಾ ಕೂತರೆ ಮಗು ಕೈತಪ್ಪಿ ಹೋಗುತ್ತದೆ.

ಈಗ ಫಾರ್ಮಿಗೆ ಬರೋಣ. ಅವಧಿಗೆ ಮೊದಲೇ ಹುಟ್ಟಿದ ಮಗುವಿನಲ್ಲಿ ಫೀಟಲ್ ಜೋನ್ ಇನ್ನೂ ಜೋರಾಗಿ ಕೆಲಸ ಮಾಡುತ್ತಿರುತ್ತದೆ. ಅಲ್ಲಿಂದ ಬರುವ 17-ಹೈಡ್ರಾಕ್ಸಿಪ್ರೆಗ್ನೆನೊಲೋನ್ ಸಲ್ಫೇಟ್‌ನಂಥ ಸ್ಟೀರಾಯ್ಡ್‌ಗಳನ್ನು ನಮ್ಮ ಕಿಟ್‌ನ ಆ್ಯಂಟಿಬಾಡಿ (ಹಾರ್ಮೋನನ್ನು ಗುರುತಿಸಿ ಅಂಟಿಕೊಳ್ಳುವ ವಸ್ತು) 17-ಓಎಚ್‌ಪಿ ಅಂತಲೇ ಹಿಡಿದುಬಿಡುತ್ತದೆ. ಹುಟ್ಟಿದ ಮೊದಲ 24 ಗಂಟೆಯೊಳಗೆ ರಕ್ತ ತೆಗೆದರೂ ನಂಬರ್ ಮೇಲೇ ಇರುತ್ತದೆ. ಉಲ್ಟಾ ಕೂಡ ಆಗಬಹುದು: ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರೆ ನಂಬರ್ ತಗ್ಗಬಹುದು. ಅಂದರೆ ಗರ್ಭದ ಎಷ್ಟನೇ ವಾರಕ್ಕೆ ಹುಟ್ಟಿದ್ದು, ಎಷ್ಟು ತೂಕ, ಎಷ್ಟನೇ ಗಂಟೆ, ಸ್ಟೀರಾಯ್ಡ್ ಕೊಟ್ಟಿದ್ದಾರಾ, ಇಷ್ಟು ಗೊತ್ತಿಲ್ಲದೆ ಅದು ಬರೀ ಅಂಕಿ.

ಹೆಸರು ಬೇಡ, ಒಂದು ಕಡೆಯಿಂದ ಬರುತ್ತಿದ್ದ ಫಾರ್ಮುಗಳಲ್ಲಿ ವಾರದ ಕಾಲಂ ಯಾವಾಗಲೂ ಖಾಲಿ. ವಾರ ಬರೆಯದಿದ್ದರೆ ಸಾಫ್ಟ್‌ವೇರ್ ಸ್ಯಾಂಪಲ್ ತೆಗೆದುಕೊಳ್ಳದ ಹಾಗೆ ಮಾಡಿದರು. ಮುಂದಿನ ವಾರದಿಂದ ಖಾಲಿ ಕಾಲಂ ಒಂದೂ ಇಲ್ಲ. ಎಲ್ಲ ಮಕ್ಕಳೂ 38 ವಾರ! 1.6 ಕಿಲೋ ಮಗುವಿಗೂ 38. ಖಾಲಿ ಇದ್ದಾಗ ಕೇಳಬೇಕು ಅಂತಾದರೂ ಗೊತ್ತಾಗುತ್ತಿತ್ತು, ಈಗ ಸುಳ್ಳು ಅಂಕಿ ನಿಜದ ವೇಷದಲ್ಲಿ ಬರತೊಡಗಿತು. ನರ್ಸ್‌ಗಳನ್ನು ಬೈದು ಪ್ರಯೋಜನವಿಲ್ಲ. ಒಂದು ಶಿಫ್ಟಿನಲ್ಲಿ ಅವರಿಗಿರುವ ಕೆಲಸ ನಾನು ಕಣ್ಣಾರೆ ನೋಡಿದ್ದೇನೆ. ನಾನು ಮಾಡಿದ್ದು ಇಷ್ಟೇ: ತೂಕಕ್ಕೂ ವಾರಕ್ಕೂ ಹೊಂದದಿದ್ದರೆ ವಾರ್ಡಿಗೆ ಫೋನ್. ‘ಸಿಸ್ಟರ್, ತಾಯಿ ಕಾರ್ಡಲ್ಲಿ ಸ್ಕ್ಯಾನಿಂಗ್ ಡೇಟ್ ನೋಡಿ ಹೇಳ್ತೀರಾ?’ ಯಾಕೆ ಕೇಳುತ್ತಿದ್ದೇನೆ ಅಂತ ಎರಡು ಮಾತಲ್ಲಿ ಹೇಳಿದ ಮೇಲೆ ಅವರೇ ಸರಿಯಾಗಿ ಬರೆಯತೊಡಗಿದರು. ಅನುಮಾನದ ಸ್ಯಾಂಪಲ್‌ಗಳನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸುತ್ತೇವೆ. ಅದು ಒಂದೊಂದು ಸ್ಟೀರಾಯ್ಡನ್ನೂ ಬಿಡಿಸಿ ಅಳೆಯುತ್ತದೆ, ಆ್ಯಂಟಿಬಾಡಿಯ ಹಾಗೆ ಮೋಸ ಹೋಗುವುದಿಲ್ಲ.

ಒಂದು ಕೇಸ್ ಮಾತ್ರ ಯಾವ ಅನುಮಾನಕ್ಕೂ ಎಡೆ ಕೊಡಲಿಲ್ಲ. ಗಂಡು ಮಗು, ತುಂಬು ತಿಂಗಳು, ಮೂರನೇ ದಿನದ ಸ್ಯಾಂಪಲ್, ನಂಬರ್ ಮಿತಿಗಿಂತ ಎಷ್ಟೋ ಪಟ್ಟು. ಫಾರ್ಮಿನಲ್ಲಿದ್ದ ಫೋನ್ ನಂಬರ್ ಅಪ್ಪನದು. ಅವರು ಕಬ್ಬು ಕಡಿಸುತ್ತಿದ್ದರು, ಸಂಜೆಯವರೆಗೂ ಫೋನ್ ಎತ್ತಲಿಲ್ಲ. ಎತ್ತಿದ ಮೇಲೆ ಗೊತ್ತಾಯಿತು, ತಾಯಿ ಮಗು ನಾಗಮಂಗಲದ ಕಡೆ ತವರಿನಲ್ಲಿ. ‘ಮಗು ಚೆನ್ನಾಗೇ ಐತೆ ಮೇಡಂ, ಬಾಣಂತೀನ ಈಗ ಹೊರಗೆ ಕಳಿಸಲ್ಲ’ ಅಂದರು ಅಜ್ಜಿ. ಕೊನೆಗೆ ಆ ಊರಿನ ಆಶಾ ಕಾರ್ಯಕರ್ತೆ ಹೋಗಿ ಕೂತು ಒಪ್ಪಿಸಿದರು. ಆಸ್ಪತ್ರೆಗೆ ಬಂದಾಗ ಸೋಡಿಯಂ ಆಗಲೇ ಇಳಿಯಲು ಶುರುವಾಗಿತ್ತು. ಕೊರತೆಯಾದ ಹಾರ್ಮೋನು ತುಂಬಲು ಹೈಡ್ರೊಕಾರ್ಟಿಸೋನ್, ಫ್ಲೂಡ್ರೊಕಾರ್ಟಿಸೋನ್ ಶುರು ಮಾಡಿದರು. ಮಾತ್ರೆ ಜೀವನಪೂರ್ತಿ ಬೇಕು, ಆದರೆ ಮಗು ಚೆನ್ನಾಗಿ ಬೆಳೆಯುತ್ತಿದೆ.

ಅದಾದ ಮೇಲೆ ಫಾರ್ಮಿನ ತಲೆಯಲ್ಲಿ ‘ಬಾಣಂತನ ಎಲ್ಲಿ? ಅಲ್ಲಿನ ಫೋನ್?’ ಅಂತ ರಬ್ಬರ್ ಸ್ಟಾಂಪ್ ಹೊಡೆದು ವಾರ್ಡುಗಳಿಗೆ ಕೊಡುತ್ತಿದ್ದೇವೆ. ಅಚ್ಚಾದ ಫಾರ್ಮಿನಲ್ಲಿ ಆ ಕಾಲಂ ಸೇರಿಸಿ ಅಂತ ಅರ್ಜಿ ಕೊಟ್ಟಾಗಿದೆ, ಹಳೇ ಸ್ಟಾಕ್ ಮುಗಿಯಲಿ ಅಂದಿದ್ದಾರೆ.