ವಾಚಿನ ಮುಚ್ಚಳ ಬಿಚ್ಚಿದ್ದು ಒಂದು ನಿಮಿಷ, ಕೂರಿಸಿದ್ದು ಅರ್ಧ ದಿನ

ಅಪ್ಪನ ಕ್ವಾರ್ಟ್ಜ್ ವಾಚ್ ನಿಂತುಹೋಗಿತ್ತು. ಸೆಲ್ ಬದಲಾಯಿಸಲು ಅಂಗಡಿ ಯಾಕೆ ಅಂತ ಭಾನುವಾರ ಅಡುಗೆಮನೆಯ ಚಾಕು ಹಿಡಿದು ಕೂತೆ. ಚಾಕು ಜಾರಿತು. ಸ್ಟೀಲ್ ಮೇಲೆ ಉದ್ದಕ್ಕೆ ಗೀರು, ಹೆಬ್ಬೆರಳಲ್ಲಿ ರಕ್ತ.

ಮೊದಲು ವಾಚ್ ತಿರುಗಿಸಿ ಸರಿಯಾಗಿ ನೋಡಬೇಕಿತ್ತು. ಅಂಚಿನಲ್ಲಿ ಉಗುರು ತೂರುವಷ್ಟು ಸಣ್ಣ ಸಂದು ಇದ್ದರೆ ಅದು ಒತ್ತಿ ಕೂರಿಸಿದ ಮುಚ್ಚಳ. ಸುತ್ತ ಕಚ್ಚುಗಳಿದ್ದರೆ ತಿರುಗಿಸಿ ಬಿಚ್ಚುವಂಥದ್ದು. ಅದಕ್ಕೆ ಚಾಕು ಹಾಕಿದರೆ ಕೆಟ್ಟಿತು ಅಂತಲೇ ಲೆಕ್ಕ. ಜಾಸ್ತಿ ಬಿಗಿ ಇಲ್ಲದಿದ್ದರೆ ರಬ್ಬರ್ ಚೆಂಡನ್ನು ಗಟ್ಟಿಯಾಗಿ ಒತ್ತಿ ಎಡಕ್ಕೆ ತಿರುಗಿಸಿದರೆ ಸಾಕು, ಗೀರೂ ಬೀಳುವುದಿಲ್ಲ. ಅದಕ್ಕೂ ಮುಂಚೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚಿನ ಕೊಳೆ ತೆಗೆಯಿರಿ, ಇಲ್ಲದಿದ್ದರೆ ವರ್ಷಗಟ್ಟಲೆಯ ಬೆವರು, ಸೋಪು ಎಲ್ಲ ಒಳಗೆ ಉದುರುತ್ತದೆ.

ಒಳಗೆ ಸೆಲ್ ಮೇಲೆ 377 ಅಂತಿತ್ತು. ಎಸ್‌ಆರ್626ಎಸ್‌ಡಬ್ಲ್ಯೂ ಅನ್ನುವುದೂ ಇದೇ, 1.55 ವೋಲ್ಟಿನ ಸಿಲ್ವರ್ ಆಕ್ಸೈಡ್ ಸೆಲ್. ಎಲ್‌ಆರ್626 ಅಳತೆಯಲ್ಲಿ ಅಷ್ಟೇ ಇದ್ದರೂ ಅದು ಆಲ್ಕಲೈನ್, ವಾಚಿಗೆ ಬೇಡ. ಪ್ಲಾಸ್ಟಿಕ್ ಚಿಮುಟದಲ್ಲೇ ಹಿಡಿಯಿರಿ. ಪಕ್ಕದಲ್ಲಿರುವ ತಾಮ್ರದ ಸುರುಳಿಯ ತಂತಿ ಕೂದಲಿಗಿಂತ ತೆಳು, ಚಿಮುಟದ ತುದಿ ತಾಗಿ ಅದು ಹರಿದರೆ ಹೊಸ ಸೆಲ್ ಹಾಕಿಯೂ ಪ್ರಯೋಜನ ಇಲ್ಲ.

ಸರಿ, ವಾಚ್ ಓಡಿತು. ಮುಚ್ಚಳ ಮಾತ್ರ ಕೂರಲಿಲ್ಲ! ಹೆಬ್ಬೆರಳಲ್ಲಿ ಒತ್ತಿದೆ, ಮೇಜಿಗೆ ಊರಿ ಒತ್ತಿದೆ, ಕೊನೆಗೆ ಮೈಭಾರವನ್ನೆಲ್ಲ ಹಾಕಿದೆ. ಸದ್ಯ, ಗಾಜು ಒಡೆಯಲಿಲ್ಲ. ಆಮೇಲೆ ನೋಡಿದರೆ ಮುಚ್ಚಳದ ಒಳಂಚಿನಲ್ಲಿ ಒಂದು ಕಚ್ಚು ಇದೆ, ಅದು ಟೈಮ್ ತಿರುಗಿಸುವ ಗುಂಡಿಯ ಕಡ್ಡಿಯ ಮೇಲೆಯೇ ಬರಬೇಕು, ನಾನು ಅದನ್ನು ಎದುರು ಬದಿಗೆ ಇಟ್ಟುಕೊಂಡು ಇಷ್ಟು ಹೊತ್ತು ಗುದ್ದಾಡಿದ್ದೆ.

ಸರಿ ಮಾಡಿಟ್ಟರೂ ಬೆರಳಿಗೆ ಜಗ್ಗಲಿಲ್ಲ. ಒತ್ತುವ ಪ್ರೆಸ್ಸನ್ನೇ ತರಿಸಿದೆ. ಅದರ ಕೆಳಗಿನ ಪ್ಲಾಸ್ಟಿಕ್ ಬಟ್ಟಲು ಗಾಜಿಗಿಂತ ಅಗಲ ಇರಬೇಕು, ಭಾರ ಗಾಜಿನ ಸುತ್ತಲಿನ ಲೋಹದ ಮೇಲೆ ಬೀಳಬೇಕು. ಹಳೇ ಎಚ್‌ಎಂಟಿ ಇದ್ದವರು ಇನ್ನೂ ಹುಷಾರು, ಅವುಗಳಲ್ಲಿ ಎಷ್ಟೋ ವಾಚಿನ ಗಾಜು ಗಾಜೇ ಅಲ್ಲ, ಉಬ್ಬಿದ ಪ್ಲಾಸ್ಟಿಕ್.

ನೀರು ಒಳಹೋಗದಂತೆ ಮುಚ್ಚಳದ ಅಂಚಿಗೆ ಹಾಕಿರುವ ರಬ್ಬರ್ ರಿಂಗ್ ಚಪ್ಪಟೆಯಾಗಿತ್ತು, ಹೊಸದಕ್ಕೆ ಚೂರು ಸಿಲಿಕೋನ್ ಗ್ರೀಸ್ ಸವರಿ ಹಾಕಿದೆ. ಹಾಗಂತ ನೀರಿಗೆ ಇಳಿಸುವ ಧೈರ್ಯ ನನಗಿಲ್ಲ. ಅಪ್ಪ ಮಾತ್ರ ಆವತ್ತು ಸಂಜೆಯೇ ಕಟ್ಟಿಕೊಂಡು ಗಿಡಗಳಿಗೆ ನೀರು ಹಾಕುತ್ತಿದ್ದರು.